ಎಲ್ಲರಿಗೂ ಗೊತ್ತಿರುವ ಹೆಸರನ್ನೇ ಮಗಳಿಗೆ ಇಟ್ಟರೆ ತಪ್ಪೇನು?

ಪ್ರಶ್ನೆ: ನಮಗೆ ಹೆಣ್ಣು ಮಗು ಹುಟ್ಟಿ 3 ವಾರ ಆಯಿತು. ನನಗೆ ಮೊದಲಿನಿಂದಲೂ ಮೀರಾ ಅನ್ನೋ ಹೆಸರು ಇಷ್ಟ, ಗಂಡನಿಗೂ ಇಷ್ಟವೇ. ಆದರೆ ಹೆಸರು ಹೇಳಿದ ಕೂಡಲೇ ಒಬ್ಬರು "ತುಂಬಾ ಕಾಮನ್ ಆಯ್ತಲ್ಲ" ಅಂತಾರೆ, ಇನ್ನೊಬ್ಬರು "ಹಳೇ ಕಾಲದ ಹೆಸರು" ಅಂತಾರೆ. ನಾದಿನಿಯಂತೂ "ಶಾನ್ವಿ ಅಂತ ಇಡಿ, ಯುನೀಕ್ ಆಗಿದೆ" ಅಂತ ಹಟ ಹಿಡಿದಿದ್ದಾರೆ. ಗಂಡ ಈಗ "ಸ್ಪೆಲಿಂಗ್ ಆದರೂ ಸ್ವಲ್ಪ ಬೇರೆ ಮಾಡೋಣ" ಅನ್ನುತ್ತಿದ್ದಾರೆ. ಕ್ಲಾಸಿನಲ್ಲಿ ಮೂರು ಮೀರಾ ಇದ್ದರೆ ಮಗಳಿಗೆ ಬೇಜಾರಾಗಲ್ವಾ? ನಾವು ಯೋಚನೆ ಮಾಡದೆ ಸುಲಭದ ಹೆಸರು ಆರಿಸಿಕೊಂಡೆವು ಅಂತ ಮುಂದೆ ಅನ್ನಿಸಬಹುದಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಮೀರಾ ಅಂತಲೇ ಇಡಿ. ಸ್ಪೆಲಿಂಗ್ ಮಾತ್ರ ತಿರುಚಬೇಡಿ. ಯಾಕೆ ಅನ್ನೋದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಹೆಸರಿನ ವಿಷಯದಲ್ಲಿ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತದೆ, ಮತ್ತು ಕೇಳುವವರೆಲ್ಲ ಒಂದೇ ಭಯದಲ್ಲಿರುತ್ತಾರೆ.

ನಿಮಗೆ ಬಂದಿರುವ ಎರಡು ಆಕ್ಷೇಪಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರು ಕಾಮನ್ ಅಂತಾರೆ, ಇನ್ನೊಬ್ಬರು ಹಳೇದು ಅಂತಾರೆ. ಎರಡೂ ಒಟ್ಟಿಗೆ ನಿಜವಾಗುವುದು ಕಷ್ಟ. ಹೆಸರು ನಿಜಕ್ಕೂ ಹಳೇದಾಗಿಬಿಟ್ಟಿದ್ದರೆ ಈಗ ಹುಟ್ಟುವ ಮಕ್ಕಳಿಗೆ ಅದನ್ನು ಇಡುವವರು ಕಡಿಮೆ, ಹಾಗಾದರೆ ನಿಮ್ಮ ಮಗಳ ಕ್ಲಾಸಿನಲ್ಲಿ ಮೂರು ಮೀರಾ ಎಲ್ಲಿಂದ ಬರಬೇಕು? ಜನ ಕಾಮನ್ ಅನ್ನುವಾಗ ಅವರ ತಲೆಯಲ್ಲಿರುವುದು ಅವರಿಗೆ ಪರಿಚಯದ ದೊಡ್ಡವರು. ಆಫೀಸಿನ ಮೀರಾ, ಅತ್ತೆಯ ಗೆಳತಿ ಮೀರಾ, ಟಿವಿಯಲ್ಲಿ ಕಂಡ ಮೀರಾ. ಆದರೆ ನಿಮ್ಮ ಮಗಳು ಬೆಂಚು ಹಂಚಿಕೊಳ್ಳುವುದು ಇವರ ಜೊತೆ ಅಲ್ಲವಲ್ಲ, ಈ ವರ್ಷ ಮತ್ತು ಇದರ ಹಿಂದುಮುಂದಿನ ವರ್ಷ ಹುಟ್ಟಿದ ಮಕ್ಕಳ ಜೊತೆ. ಹೆಸರು ಎಷ್ಟು ಜನಪ್ರಿಯ ಅಂತ ಲೆಕ್ಕ ಹಾಕುವಾಗ ಎಣಿಸಬೇಕಾದ್ದು ಆ ಮಕ್ಕಳನ್ನು ಮಾತ್ರ. ಈ ಒಂದು ವಿಷಯ ಸರಿಯಾಗಿ ಹಿಡಿದುಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಪ್ರತಿ ವರ್ಷ ಮಕ್ಕಳ ಹೆಸರುಗಳ ಪಟ್ಟಿ ಪ್ರಕಟಿಸುವ ಕೆಲವು ದೇಶಗಳಿವೆ. ಅಮೆರಿಕದ ಸೋಷಿಯಲ್ ಸೆಕ್ಯೂರಿಟಿ ಇಲಾಖೆಯ ಪಟ್ಟಿ 1880ರಿಂದ ಸಿಗುತ್ತದೆ, ಅಷ್ಟು ಉದ್ದದ ದಾಖಲೆ ಇರುವುದರಿಂದ ಹೆಸರುಗಳ ಬಗ್ಗೆ ಮಾತಾಡುವವರೆಲ್ಲ ಅದನ್ನೇ ನೋಡುತ್ತಾರೆ. 1880ರಲ್ಲಿ ಅಲ್ಲಿ ಹುಡುಗಿಯರ ಮೊದಲ ಸ್ಥಾನದ ಹೆಸರು ಮೇರಿ. ಪಟ್ಟಿಯಲ್ಲಿರುವ ಪ್ರತಿ 100 ಹುಡುಗಿಯರಲ್ಲಿ ಸುಮಾರು 7 ಜನ ಮೇರಿ. ಈಗ? ಅಲ್ಲಿ 2019ರಲ್ಲಿ ಮೊದಲ ಸ್ಥಾನಕ್ಕೆ ಬಂದ ಒಲಿವಿಯಾ ಹೆಸರು ಪ್ರತಿ 100ರಲ್ಲಿ ಹೆಚ್ಚುಕಮ್ಮಿ ಒಬ್ಬಳಿಗೆ ಮಾತ್ರ. ಇಡೀ ದೇಶದ ನಂಬರ್ ಒನ್ ಹೆಸರಿನ ಪಾಲು ಇಷ್ಟು ಕುಗ್ಗಿದೆ. ಕಾರಣ ಸರಳ: ಹಿಂದೆ ಪಾಲಕರು ಕೆಲವೇ ಹೆಸರುಗಳ ಸುತ್ತ ತಿರುಗುತ್ತಿದ್ದರು, ಈಗ ಎಲ್ಲರೂ ಬೇರೆ ಬೇರೆ ದಿಕ್ಕಿಗೆ ಹುಡುಕುತ್ತಾರೆ, ಹಾಗಾಗಿ ಜನಪ್ರಿಯ ಅನ್ನೋ ಹೆಸರೂ ತೆಳ್ಳಗೆ ಹರಡಿಕೊಂಡಿದೆ.

ಇದನ್ನು ಒಂದು ಕ್ಲಾಸಿಗೆ ಇಳಿಸಿ ನೋಡಿ. ನಿಮ್ಮ ಮಗಳ ಜೊತೆ ಇನ್ನೂ 14 ಹುಡುಗಿಯರಿದ್ದಾರೆ ಅಂದುಕೊಳ್ಳಿ. ಹೆಸರಿನ ಪಾಲು 100ಕ್ಕೆ 7 ಆಗಿದ್ದರೆ, ಆ 14 ಜನರಲ್ಲಿ ಕನಿಷ್ಠ ಒಬ್ಬಳಿಗಾದರೂ ಅದೇ ಹೆಸರಿರುವ ಸಾಧ್ಯತೆ ಸುಮಾರು 64 ಪರ್ಸೆಂಟ್. ಅಂದರೆ ಆಗಿನ ಮೇರಿಗೆ ಕ್ಲಾಸಿನಲ್ಲಿ ಇನ್ನೊಬ್ಬ ಮೇರಿ ಸಿಗುವುದು ಮಾಮೂಲಿ. ಅದೇ ಪಾಲು 100ಕ್ಕೆ 1 ಆದರೆ ಸಾಧ್ಯತೆ ಸುಮಾರು 13 ಪರ್ಸೆಂಟ್. ಎಂಟು ಕ್ಲಾಸುಗಳಲ್ಲಿ ಏಳರಲ್ಲಿ ಅವಳೊಬ್ಬಳೇ. ಇದು ಮೊದಲ ಸ್ಥಾನದ ಹೆಸರಿನ ಕಥೆ. ಮೂರು ಜನ ಒಂದೇ ಕ್ಲಾಸಿನಲ್ಲಿ ಸೇರುವುದಂತೂ ತೀರಾ ಅಪರೂಪ. ಒಂದೊಂದು ಊರಿನಲ್ಲಿ, ಒಂದೊಂದು ಸಮುದಾಯದಲ್ಲಿ ಒಂದು ಹೆಸರು ಗುಂಪಾಗಿ ಬರಬಹುದು, ಅದು ಬೇರೆ ಮಾತು. ಆದರೆ "ಕ್ಲಾಸಲ್ಲಿ ಮೂರು ಜನ ಇರ್ತಾರೆ" ಅನ್ನೋ ಹೆದರಿಕೆ ನಮ್ಮ ಬಾಲ್ಯದ ನೆನಪಿನಿಂದ ಬಂದದ್ದು, ಈಗಿನ ಲೆಕ್ಕದಿಂದ ಬಂದದ್ದಲ್ಲ.

ನಮ್ಮ ನೆನಪು ಅಂದೆನಲ್ಲ, ಅಲ್ಲೇ ಒಂದು ಸ್ವಾರಸ್ಯದ ವಿಷಯ ಇದೆ. ಕನ್ನಡದ ಹುಡುಗಿಯರ ಹೆಸರುಗಳನ್ನು ಸ್ವಲ್ಪ ಜೋರಾಗಿ ಓದಿಕೊಳ್ಳಿ. ಒಂದು ತಲೆಮಾರಿನಲ್ಲಿ ಗೀತಾ, ಸವಿತಾ, ಲಲಿತಾ, ಸುಜಾತಾ, ಅನಿತಾ, ಸುನೀತಾ. ಆಮೇಲಿನ ತಲೆಮಾರಿನಲ್ಲಿ ಕಾವ್ಯ, ದಿವ್ಯ, ರಮ್ಯ, ಸೌಮ್ಯ, ಭವ್ಯ, ನವ್ಯ. ಈಗ ಸಾನ್ವಿ, ತನ್ವಿ, ಜಾನ್ವಿ, ಅನ್ವಿ, ಶಾನ್ವಿ. ಗಮನಿಸಿದಿರಾ? ಹೆಸರು ಬೇರೆ ಬೇರೆ, ಬಾಲ ಒಂದೇ. ಫ್ಯಾಷನ್ ಬರುವುದು ಒಂದು ಹೆಸರಿಗಲ್ಲ, ಒಂದು ಸದ್ದಿಗೆ. ಇದು ನಮ್ಮಲ್ಲಿ ಮಾತ್ರ ಅಲ್ಲ. ಸ್ಟಾನ್ಲಿ ಲೀಬರ್ಸನ್ ಅನ್ನೋ ಸಮಾಜಶಾಸ್ತ್ರಜ್ಞರು ಹೆಸರುಗಳ ರುಚಿ ಹೇಗೆ ಬದಲಾಗುತ್ತದೆ ಅನ್ನೋದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಒಂದು ಸದ್ದು ಚೆನ್ನಾಗಿದೆ ಅನ್ನಿಸಿದರೆ ಜನ ಅದರ ಪಕ್ಕದ ಸದ್ದಿಗೆ ಹೋಗುತ್ತಾರೆ, ಅಲ್ಲಿಂದ ಅದರ ಪಕ್ಕದ್ದಕ್ಕೆ, ಹೀಗೆ ರುಚಿ ತನ್ನಷ್ಟಕ್ಕೆ ಸರಿಯುತ್ತಾ ಹೋಗುತ್ತದೆ, ಅದಕ್ಕೆ ಹೊರಗಿನ ದೊಡ್ಡ ಕಾರಣವೇ ಬೇಕಾಗಿಲ್ಲ ಅಂತ ತೋರಿಸಿದರು.

ಹಾಗಾಗಿ ಶಾನ್ವಿ ಹೆಸರನ್ನು ಇಟ್ಟುಕೊಂಡೇ ಯೋಚಿಸೋಣ. ಚೆಂದದ ಹೆಸರೇ, ಇಷ್ಟಪಟ್ಟು ಇಡುವವರ ಬಗ್ಗೆ ನನ್ನ ತಕರಾರು ಇಲ್ಲ. ಆದರೆ ಯುನೀಕ್ ಅನ್ನೋ ಕಾರಣಕ್ಕೆ ಇಡುವುದಾದರೆ ಆ ಕಾರಣ ನಿಲ್ಲುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅವಳೊಬ್ಬಳೇ ಶಾನ್ವಿ ಇರಬಹುದು. ಆದರೆ ಆಟದ ಮೈದಾನದ ಆ ತುದಿಯಿಂದ ಟೀಚರ್ ಕೂಗಿದಾಗ ಕಿವಿಗೆ ಬೀಳುವುದು "...ಆನ್ವೀ" ಅಂತ. ಸಾನ್ವಿ ತಿರುಗುತ್ತಾಳೆ, ಜಾನ್ವಿ ತಿರುಗುತ್ತಾಳೆ, ಶಾನ್ವಿಯೂ ತಿರುಗುತ್ತಾಳೆ. ಅದೇ ಗುಂಪಿನಲ್ಲಿ "ಮೀರಾ" ಅಂತ ಕೂಗಿ ನೋಡಿ. ಬೇರೆ ಯಾವ ಹೆಸರೂ ಅದಕ್ಕೆ ಅಡ್ಡ ಬರುವುದಿಲ್ಲ. ಎಲ್ಲರಿಗೂ ಗೊತ್ತಿರುವ ಹೆಸರು, ಆದರೂ ಆ ಗುಂಪಿನಲ್ಲಿ ಬೇರೆಯಾಗಿ ಕೇಳಿಸುವುದು ಅದೇ. ಹೊಸ ಹೆಸರು ಹುಡುಕುವ ಪಾಲಕರು ಪಟ್ಟಿಯಲ್ಲಿ ಆ ಹೆಸರು ಎಷ್ಟನೇ ಸ್ಥಾನದಲ್ಲಿದೆ ಅಂತ ನೋಡುತ್ತಾರೆ, ಅದೇ ಪಟ್ಟಿಯಲ್ಲಿ ಅದರ ಅಕ್ಕತಂಗಿಯರು ಎಷ್ಟಿದ್ದಾರೆ ಅಂತ ನೋಡುವುದಿಲ್ಲ. ನೋಡಬೇಕಾದ್ದು ಅದನ್ನೇ.

ಇನ್ನು ಮುಖ್ಯ ವಿಷಯ. ಜನಪ್ರಿಯ ಹೆಸರು ಬೇರೆ, ಕ್ಲಾಸಿಕ್ ಹೆಸರು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ಹಾಕುವುದರಿಂದಲೇ ಈ ತಲೆನೋವು ಶುರುವಾಗುವುದು. ವ್ಯತ್ಯಾಸ ಎಷ್ಟು ಜನ ಇಟ್ಟಿದ್ದಾರೆ ಅನ್ನೋದರಲ್ಲಿ ಇಲ್ಲ, ಎಷ್ಟು ಬೇಗ ಮೇಲೆ ಬಂತು ಅನ್ನೋದರಲ್ಲಿ ಇದೆ.

ಲಿಂಡಾ ಅನ್ನೋ ಹೆಸರನ್ನೇ ನೋಡಿ. ಅಮೆರಿಕದಲ್ಲಿ 1930ರ ಹೊತ್ತಿಗೆ ಅದು ಮೊದಲ 100 ಹೆಸರುಗಳಲ್ಲೂ ಇರಲಿಲ್ಲ. 1947ರಲ್ಲಿ ಮೊದಲ ಸ್ಥಾನ. ದಶಕಗಳಿಂದ ಯಾರೂ ಕದಲಿಸಲಾಗದ ಮೇರಿಯನ್ನು ಕೆಳಗಿಳಿಸಿದ ಹೆಸರು ಅದು. ಆ ವರ್ಷ ಹುಟ್ಟಿದ ಹುಡುಗಿಯರಲ್ಲಿ 100ಕ್ಕೆ 5ಕ್ಕಿಂತ ಜಾಸ್ತಿ ಜನ ಲಿಂಡಾ. 1952ರವರೆಗೆ ಮೊದಲ ಸ್ಥಾನದಲ್ಲಿತ್ತು, 1953ರಲ್ಲಿ ಮೇರಿ ವಾಪಸ್ ಬಂತು, ಲಿಂಡಾ ಜಾರುತ್ತಾ ಹೋಗಿ ಈಗ ಮೊದಲ 500ರಲ್ಲೂ ಇಲ್ಲ. ಹಾಗಾಗಿ ಅಲ್ಲಿ ಲಿಂಡಾ ಅಂದರೆ ಸಾಕು, ಹುಟ್ಟಿದ ಕಾಲವನ್ನು ಜನ ಅಂದಾಜು ಮಾಡಿಬಿಡುತ್ತಾರೆ. ಜೆನಿಫರ್ ಕೂಡ ಹಾಗೇ. 1970ರಿಂದ 1984ರವರೆಗೆ ಬಿಡದೆ ಮೊದಲ ಸ್ಥಾನ, ಈಗ ಮೊದಲ 300ರಲ್ಲೂ ಇಲ್ಲ. ಹೆಸರಲ್ಲಿ ಏನೂ ದೋಷ ಇರಲಿಲ್ಲ. ಒಂದೇ ಸಮಯದಲ್ಲಿ ತುಂಬಾ ಜನಕ್ಕೆ ಇಷ್ಟವಾಯಿತು, ಅಷ್ಟೇ.

ಇದರ ಬಗ್ಗೆ ಒಂದು ಒಳ್ಳೆಯ ಅಧ್ಯಯನವೇ ಇದೆ. 2009ರಲ್ಲಿ ಜೋನಾ ಬರ್ಗರ್ ಮತ್ತು ಗೇಲ್ ಲೆ ಮೆನ್ಸ್ ಅನ್ನೋ ಇಬ್ಬರು ಸಂಶೋಧಕರು ಫ್ರಾನ್ಸ್ ಮತ್ತು ಅಮೆರಿಕದ ನೂರು ವರ್ಷಕ್ಕೂ ಹೆಚ್ಚಿನ ಹೆಸರುಗಳ ದಾಖಲೆ ತೆಗೆದು ನೋಡಿದರು. ಬೇಗ ಏರಿದ ಹೆಸರುಗಳು ಬೇಗ ಇಳಿಯುತ್ತವೆ, ನಿಧಾನಕ್ಕೆ ಏರಿದವು ನಿಧಾನಕ್ಕೆ ಇಳಿಯುತ್ತವೆ. ಮಗುವಿಗಾಗಿ ಕಾಯುತ್ತಿದ್ದ ಪಾಲಕರನ್ನೂ ಅವರು ಕೇಳಿದರು. ದಿಢೀರನೆ ಎಲ್ಲ ಕಡೆ ಕೇಳಿಸುವ ಹೆಸರು ಅಂದರೆ ಪಾಲಕರಿಗೆ ಅದು ನಾಲ್ಕು ದಿನದ ಶೋಕಿ ಅನ್ನಿಸುತ್ತದೆ, ಹಾಗಾಗಿ ಹಿಂಜರಿಯುತ್ತಾರೆ, ಅದರಿಂದಲೇ ಆ ಹೆಸರು ಬೀಳುತ್ತದೆ. ಇದನ್ನು ಓದಿದ ಮೇಲೆ ನಾನು ಪಾಲಕರಿಗೆ ಹೇಳುವ ಮೊದಲ ಮಾತೇ ಬದಲಾಯಿತು. ಹೆಸರು ಎಷ್ಟನೇ ಸ್ಥಾನದಲ್ಲಿದೆ ಅಂತ ಕೇಳಬೇಡಿ, ಹತ್ತು ವರ್ಷದ ಹಿಂದೆ ಎಲ್ಲಿತ್ತು ಅಂತ ಕೇಳಿ ಅನ್ನುತ್ತೇನೆ.

ಈಗ ಇದಕ್ಕೆ ವಿರುದ್ಧದ ಉದಾಹರಣೆ. ಎಲಿಜಬೆತ್ ಹೆಸರು ಅದೇ ಅಮೆರಿಕದ ಪಟ್ಟಿಯಲ್ಲಿ 1880ರಿಂದ ಇವತ್ತಿನವರೆಗೆ ಮೊದಲ 30ರಿಂದ ಕೆಳಗೆ ಬಿದ್ದೇ ಇಲ್ಲ. ಯುದ್ಧಗಳು ಬಂದವು, ಸಿನಿಮಾ ಬಂತು, ಟಿವಿ ಬಂತು, ಇಂಟರ್ನೆಟ್ ಬಂತು, ಆ ಹೆಸರು ಅಲ್ಲೇ ಇದೆ. ಎಲಿಜಬೆತ್ ಅಂದರೆ ಅವಳಿಗೆ 8 ವರ್ಷವೋ 80 ವರ್ಷವೋ ಹೇಳಲು ಆಗುವುದಿಲ್ಲ. ನನ್ನ ಪ್ರಕಾರ ಕ್ಲಾಸಿಕ್ ಹೆಸರಿನ ಗುರುತು ಇದೇ: ವಯಸ್ಸು ಬಿಟ್ಟುಕೊಡದ ಹೆಸರು. ಇಂಥ ಹೆಸರು ಬಾಳಿಕೆ ಬರುವುದಕ್ಕೆ ಇನ್ನೊಂದು ಕಾರಣವೂ ಇದೆ ಅಂತ ನನಗನ್ನಿಸುತ್ತದೆ. ಅದರೊಳಗೆ ಬೆಟ್ಟಿ, ಲಿಝ್, ಬೆತ್, ಎಲೈಝಾ ಅಂತ ಎಷ್ಟೋ ಕರೆಯುವ ಹೆಸರುಗಳಿವೆ, ಒಂದೊಂದು ತಲೆಮಾರು ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ನಮ್ಮ ಸರಸ್ವತಿ ಸರಸು ಆದ ಹಾಗೆ, ಜಾನಕಿ ಜಾನು ಆದ ಹಾಗೆ, ಪದ್ಮಾವತಿ ಪದ್ದು ಆದ ಹಾಗೆ.

ಎಮ್ಮಾ ಹೆಸರಿನ ದಾರಿ ಇನ್ನೂ ಬೇರೆ. 1880ರಲ್ಲಿ ಮೂರನೇ ಸ್ಥಾನ, 1970ರ ದಶಕದಲ್ಲಿ 400ರ ಆಚೆ, 2008ರಲ್ಲಿ ಮೊದಲ ಸ್ಥಾನ. ಇಂಥ ಹೆಸರುಗಳು ಮಲಗಿ ಏಳುತ್ತವೆ. ಹಳೇದು ಅನ್ನೋ ಆಕ್ಷೇಪಕ್ಕೆ ಉತ್ತರ ಇಲ್ಲೇ ಇದೆ. ಅಮ್ಮಂದಿರ ತಲೆಮಾರಿನ ಹೆಸರು ನಮಗೆ ಹಳೇದು ಅನ್ನಿಸುತ್ತದೆ, ಅಜ್ಜಿಯ ಅಮ್ಮನ ಹೆಸರು ಚೆಂದ ಅನ್ನಿಸುತ್ತದೆ. ಆ ಹೆಸರಿನವರನ್ನು ಬೇಸರದ ದಿನಗಳಲ್ಲಿ, ಗದರುವ ಧ್ವನಿಯಲ್ಲಿ ನಾವು ಕೇಳಿರುವುದಿಲ್ಲ, ಫೋಟೋದಲ್ಲಿ ಮಾತ್ರ ನೋಡಿರುತ್ತೇವೆ, ಹಾಗಾಗಿ ಹೆಸರು ಮತ್ತೆ ತಾಜಾ ಆಗಿರುತ್ತದೆ. ನಿಮಗೆ ಹಳೇ ಕಾಲದ ಹೆಸರು ಅಂದವರ ವಯಸ್ಸು ಎಷ್ಟು ಅಂತ ಒಮ್ಮೆ ಯೋಚಿಸಿ. ಅವರ ಓರಗೆಯಲ್ಲೇ ಮೀರಾ ಅನ್ನೋರು ಇರುತ್ತಾರೆ. ಹತ್ತು ವರ್ಷದ ಮಗುವಿಗೆ ಕೇಳಿದರೆ ಅದಕ್ಕೆ ಹಾಗೆ ಅನ್ನಿಸುವುದೇ ಇಲ್ಲ.

ಮೀರಾ ಈ ಪರೀಕ್ಷೆಯಲ್ಲಿ ಹೇಗೆ ನಿಲ್ಲುತ್ತದೆ? ಚೆನ್ನಾಗಿ ನಿಲ್ಲುತ್ತದೆ. 16ನೇ ಶತಮಾನದ ಮೀರಾಬಾಯಿಯ ಕಾಲದಿಂದಲೂ ಜನರ ಬಾಯಲ್ಲಿರುವ ಹೆಸರು. ಅಜ್ಜಿಯರಲ್ಲೂ ಇದ್ದಾರೆ, ಕಾಲೇಜು ಹುಡುಗಿಯರಲ್ಲೂ ಇದ್ದಾರೆ, ಪುಟ್ಟ ಮಕ್ಕಳಲ್ಲೂ ಇದ್ದಾರೆ. ಹೆಸರು ಕೇಳಿ ವಯಸ್ಸು ಹೇಳಲು ಆಗುವುದಿಲ್ಲ. ನಮ್ಮ ಸುತ್ತಲಿನ ಭಾಷೆಗಳನ್ನು ದಾಟಿದರೂ ಸ್ಲಾವಿಕ್ ಭಾಷೆಗಳ ದೇಶಗಳಲ್ಲಿ ಮೀರಾ ಅನ್ನೋ ಹೆಣ್ಣುಮಕ್ಕಳಿದ್ದಾರೆ. ಎರಡು ಅಕ್ಷರ, ಒತ್ತಕ್ಷರ ಇಲ್ಲ, ಯಾವ ನಾಲಿಗೆಯೂ ಎಡವುವುದಿಲ್ಲ.

ಈ ಎಡವದೇ ಇರುವ ಗುಣವನ್ನು ಸಣ್ಣದು ಅಂದುಕೊಳ್ಳಬೇಡಿ. ಸೈಮನ್ ಲಾಹಮ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಲೀಸಾಗಿ ಉಚ್ಚರಿಸಲು ಬರುವ ಹೆಸರಿನವರ ಬಗ್ಗೆ ಜನರಿಗೆ ಸ್ವಲ್ಪ ಹೆಚ್ಚು ಒಳ್ಳೆಯ ಅಭಿಪ್ರಾಯ ಇರುವುದು ಕಂಡುಬಂತು. ಹೆಸರು ಅಪರೂಪದ್ದೋ ಅಲ್ಲವೋ ಅನ್ನೋದರಿಂದ ಬಂದ ಪರಿಣಾಮ ಅಲ್ಲ ಅದು, ಉಚ್ಚಾರದಿಂದಲೇ ಬಂದದ್ದು. ಹಾಗಂತ ಕಷ್ಟದ ಹೆಸರಿನವರ ಬದುಕು ಕಷ್ಟ ಅಂತಲ್ಲ. ಆದರೆ ಪ್ರತಿ ಹೊಸ ಪರಿಚಯದಲ್ಲೂ ಹೆಸರನ್ನು ಎರಡು ಸಲ ಹೇಳಬೇಕಾಗಿ ಬರುವುದು, ಫೋನಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಹೇಳುವುದು, ಸರ್ಟಿಫಿಕೇಟಿನಲ್ಲಿ ತಪ್ಪು ಬಿದ್ದಾಗ ತಿದ್ದಿಸಲು ಅಲೆಯುವುದು, ಇದೆಲ್ಲ ಮಗುವಿನ ತಲೆ ಮೇಲೆ ಬೀಳುವ ಕೆಲಸ. ಎಲ್ಲರಿಗೂ ಗೊತ್ತಿರುವ ಹೆಸರು ಇಟ್ಟರೆ ಅವಳಿಗೆ ಆ ಕೆಲಸ ಇಲ್ಲ.

ನಿಮ್ಮ ಕೊನೆಯ ಭಯ, ಮುಂದೆ ಪಶ್ಚಾತ್ತಾಪ ಆದರೆ ಅನ್ನೋದು. ಇದನ್ನು ಮುಚ್ಚಿಡುವುದಿಲ್ಲ. ಬ್ರಿಟನ್ನಿನ ಮಮ್ಸ್‌ನೆಟ್ ಅನ್ನೋ ಪಾಲಕರ ತಾಣ 2016ರಲ್ಲಿ ಮಾಡಿದ ಸಮೀಕ್ಷೆಯಲ್ಲಿ 18 ಪರ್ಸೆಂಟ್ ಪಾಲಕರು ಮಗುವಿಗೆ ಇಟ್ಟ ಹೆಸರಿನ ಬಗ್ಗೆ ಬೇಸರ ಇದೆ ಅಂದರು, ಅವರಲ್ಲಿ ಕಾಲು ಭಾಗ ಜನ ಕೊಟ್ಟ ಕಾರಣ ಹೆಸರು ತುಂಬಾ ಕಾಮನ್ ಆಯಿತು ಅನ್ನೋದೇ. ನಿಮ್ಮ ನಾದಿನಿ ಇದನ್ನು ಓದಿದರೆ ನೋಡಿದಿರಾ ಅನ್ನಬಹುದು. ಆದರೆ ನನಗೆ ಪತ್ರ ಬರೆಯುವ ಪಾಲಕರ ಮಾತು ಕೇಳಿದರೆ, ಈ ಬೇಸರ ಬರುವುದು ಬಹುತೇಕ ಒಂದೇ ರೀತಿ. ನಾವೇ ಕಂಡುಹಿಡಿದೆವು ಅಂದುಕೊಂಡು ಅಪರೂಪದ ಹೆಸರು ಇಡುತ್ತಾರೆ. ಮೂರು ವರ್ಷ ಆಗುವಷ್ಟರಲ್ಲಿ ಪಾರ್ಕಿನಲ್ಲಿ ಆ ಹೆಸರಿನ ನಾಲ್ಕು ಮಕ್ಕಳು ಸಿಗುತ್ತಾರೆ. ಅದೇ ಸಮಯದಲ್ಲಿ ಅದೇ ಪಟ್ಟಿ ನೋಡಿದ ಬೇರೆಯವರಿಗೂ ಅದೇ ಹೆಸರು ಇಷ್ಟವಾಗಿರುತ್ತದೆ. ಅವರಿಗೆ ನೋವು ಕೊಡುವುದು ಹೆಸರು ಕಾಮನ್ ಅನ್ನೋದಲ್ಲ, ತಾವು ಅಂದುಕೊಂಡದ್ದು ಸುಳ್ಳಾಯಿತಲ್ಲ ಅನ್ನೋದು. ನಿಮಗೆ ಮೀರಾ ಎಲ್ಲರಿಗೂ ಗೊತ್ತಿರುವ ಹೆಸರು ಅಂತ ಮೊದಲೇ ಗೊತ್ತು. ಗೊತ್ತಿದ್ದೂ ಇಷ್ಟ. ಇನ್ನೊಬ್ಬ ಮೀರಾ ಎದುರಾದರೆ ನಿಮಗೆ ಆಘಾತ ಆಗುವಂಥದ್ದು ಏನೂ ಇಲ್ಲ.

ಮಗಳಿಗೆ ಹೇಗನ್ನಿಸುತ್ತದೆ? ಮಗು ಸುಮಾರು ನಾಲ್ಕೂವರೆ ತಿಂಗಳಿಗೇ ತನ್ನ ಹೆಸರಿನ ಸದ್ದನ್ನು ಬೇರೆ ಹೆಸರುಗಳಿಂದ ಬೇರ್ಪಡಿಸಿ ಕೇಳಿಸಿಕೊಳ್ಳುತ್ತದೆ ಅಂತ 1995ರ ಒಂದು ಪ್ರಯೋಗ ತೋರಿಸಿತು. ಅರ್ಥ ಗೊತ್ತಿಲ್ಲ, ಅದು ಹೆಸರು ಅನ್ನೋದೂ ಗೊತ್ತಿಲ್ಲ, ಆದರೆ ಆ ಸದ್ದು ಪರಿಚಿತ. ದಿನಕ್ಕೆ ನೂರು ಸಲ ಪ್ರೀತಿಯಿಂದ ಕೇಳಿದ ಸದ್ದು ಅದು. ಆ ಹೆಸರು ಊರಲ್ಲಿ ಇನ್ನೆಷ್ಟು ಜನಕ್ಕಿದೆ ಅನ್ನೋದು ಅವಳಿಗೆ ತುಂಬಾ ವರ್ಷ ತಿಳಿಯುವುದೇ ಇಲ್ಲ. ಒಂದು ವೇಳೆ ಕ್ಲಾಸಿನಲ್ಲಿ ಇನ್ನೊಬ್ಬ ಮೀರಾ ಇದ್ದಳು ಅಂತಲೇ ಇಟ್ಟುಕೊಳ್ಳಿ. ಹೆಸರಿನ ಜೊತೆ ಒಂದು ಇನಿಷಿಯಲ್ ಸೇರುತ್ತದೆ, ಮೀರಾ ಎಸ್, ಮೀರಾ ಕೆ. ಮೊದಮೊದಲು ಕರೆದಾಗ ಇಬ್ಬರೂ ತಿರುಗುತ್ತಾರೆ, ವಾರದೊಳಗೆ ಇಬ್ಬರಿಗೂ ತಮ್ಮ ಸರದಿ ಯಾವುದು ಅಂತ ಧ್ವನಿಯಲ್ಲೇ ಗೊತ್ತಾಗುತ್ತದೆ. ಚಿಕ್ಕ ಮಕ್ಕಳು ಇದನ್ನೇ ದೊಡ್ಡ ನಂಟು ಅಂತ ಹಿಡಿದುಕೊಂಡು ಗೆಳತಿಯರಾಗುವುದೂ ಉಂಟು. ಮಕ್ಕಳಿಗೆ ನಿಜವಾಗಿ ಬೇಜಾರಾಗುವುದು ಹೆಸರನ್ನು ತಪ್ಪಾಗಿ ಕರೆದಾಗ, ಗೇಲಿ ಮಾಡಿದಾಗ, ಪದೇ ಪದೇ ವಿವರಿಸಬೇಕಾದಾಗ.

ಇನ್ನೊಂದು ಲಾಭದ ಬಗ್ಗೆ ಪಾಲಕರು ಯೋಚಿಸುವುದೇ ಇಲ್ಲ. ಇವತ್ತು ಹುಟ್ಟಿದ ಮಗುವಿನ ಹೆಸರು ಅವಳ ಬದುಕಿಡೀ ಇಂಟರ್ನೆಟ್ಟಿನಲ್ಲಿ ಹುಡುಕುವ ಪದವೂ ಹೌದು. ಲೋಕದಲ್ಲಿ ಒಬ್ಬಳಿಗೇ ಇರುವ ಹೆಸರಾದರೆ, ಹದಿನೈದನೇ ವಯಸ್ಸಿನಲ್ಲಿ ಎಲ್ಲೋ ಬರೆದ ಒಂದು ಸಾಲು, ಯಾರೋ ಹಾಕಿದ ಒಂದು ಫೋಟೋ, ಎಲ್ಲವೂ ಒಂದೇ ಸಲಕ್ಕೆ ಸಿಗುತ್ತದೆ. ಸಾವಿರಾರು ಮೀರಾಗಳ ನಡುವೆ ನಿಮ್ಮ ಮೀರಾ ಸ್ವಲ್ಪ ಮರೆಯಲ್ಲಿರುತ್ತಾಳೆ. ಗುರುತಿಸಿಕೊಳ್ಳಬೇಕು ಅನ್ನಿಸಿದಾಗ ಅವಳೇ ಗುರುತಿಸಿಕೊಳ್ಳಲಿ. ಇದು ನನಗೆ ದೊಡ್ಡ ವಿಷಯ, ಈಗಿನ ಹೆಣ್ಣುಮಕ್ಕಳ ವಿಷಯದಲ್ಲಂತೂ ಇನ್ನೂ ದೊಡ್ಡದು.

ಹಾಗಾದರೆ ಜನಪ್ರಿಯ ಹೆಸರು ಯಾವಾಗ ಬೇಡ? ಕೆಲವು ಸಂದರ್ಭ ಇವೆ. ಪೂರ್ತಿ ಹೆಸರು ಬರೆದು ನೋಡಿ. ಮೊದಲ ಹೆಸರೂ ಕಾಮನ್, ಮನೆತನದ ಹೆಸರೋ ಇನಿಷಿಯಲ್ಲೋ ಅದೂ ಕಾಮನ್ ಆದರೆ ಆಗ ತೊಂದರೆ ನಿಜ. ಆಸ್ಪತ್ರೆ ಫೈಲು ಅದಲುಬದಲಾಗುವುದು, ಪರೀಕ್ಷೆಯ ಫಲಿತಾಂಶ ಗೊಂದಲವಾಗುವುದು, ಬೇರೆಯವರ ಇಮೇಲ್ ಬರುವುದು. ಅಂಥ ಕಡೆ ಮಧ್ಯದಲ್ಲಿ ಇನ್ನೊಂದು ಹೆಸರು ಸೇರಿಸಿದರೆ ಸಾಕು, ಮೊದಲ ಹೆಸರು ಬಿಡಬೇಕಾಗಿಲ್ಲ. ಹತ್ತಿರದ ನೆಂಟರ ಮನೆಯಲ್ಲಿ ಹೆಚ್ಚುಕಮ್ಮಿ ಅದೇ ವಯಸ್ಸಿನ ಮೀರಾ ಇದ್ದರೂ ನಾನು ಬೇಡ ಅನ್ನುತ್ತೇನೆ. ಶಾಲೆಯಲ್ಲಿ ಇನ್ನೊಬ್ಬಳಿದ್ದರೆ ವರ್ಷ ಕಳೆದ ಮೇಲೆ ಬೇರೆ ಬೇರೆ ಆಗುತ್ತಾರೆ, ನೆಂಟರಲ್ಲಿ ಹಾಗಾಗುವುದಿಲ್ಲ, ಕೊನೆಗೆ ದೊಡ್ಡ ಮೀರಾ ಚಿಕ್ಕ ಮೀರಾ ಅಂತ ಜೀವನಪೂರ್ತಿ ಉಳಿದುಬಿಡುತ್ತದೆ. ಈಗಷ್ಟೇ ಪ್ರಸಿದ್ಧರಾದ ಒಬ್ಬರ ಹೆಸರಾಗಿದ್ದರೆ, ಅಥವಾ ಈ ಒಂದೆರಡು ವರ್ಷದಲ್ಲಿ ಎಲ್ಲೆಡೆ ಕೇಳಿಸತೊಡಗಿದ್ದರೆ, ಲಿಂಡಾ ಕಥೆ ನೆನಪಿಸಿಕೊಳ್ಳಿ. ಮತ್ತೆ, ಹೆಸರು ಇಷ್ಟವೇ ಇಲ್ಲ, ಯಾರೂ ಏನೂ ಅನ್ನಲ್ಲ ಅನ್ನೋ ಕಾರಣಕ್ಕೆ ಆರಿಸುತ್ತಿದ್ದರೆ ಖಂಡಿತಾ ಬೇಡ. ನಿಮ್ಮ ಪತ್ರದಲ್ಲಿ ಹಾಗೆ ಕಾಣಲಿಲ್ಲ. ಮೊದಲಿನಿಂದಲೂ ಇಷ್ಟ ಅಂತ ಬರೆದಿದ್ದೀರಿ.

ಸ್ಪೆಲಿಂಗ್ ವಿಷಯ. ನಿಮ್ಮ ಗಂಡನ ಮನಸ್ಸು ನನಗೆ ಅರ್ಥವಾಗುತ್ತದೆ, ಮಗಳಿಗೆ ಏನಾದರೂ ತನ್ನದೇ ಅನ್ನೋದು ಇರಲಿ ಅನ್ನೋ ಆಸೆ ಅದು. ಆದರೆ ಸ್ಪೆಲಿಂಗ್ ಬದಲಿಸಿದರೆ ಕರೆಯುವಾಗ ಏನೂ ಬದಲಾಗುವುದಿಲ್ಲ, ಬರೆಯುವಾಗ ಮಾತ್ರ ಪ್ರತಿ ಸಲ ತಪ್ಪಾಗುತ್ತದೆ. ಕಾಮನ್ ಹೆಸರಿನ ಅನಾನುಕೂಲ ಹಾಗೇ ಉಳಿಯುತ್ತದೆ, ಅಪರೂಪದ ಹೆಸರಿನ ಅನಾನುಕೂಲ ಹೊಸದಾಗಿ ಸೇರುತ್ತದೆ. ಇಂಗ್ಲಿಷಿನಲ್ಲಿ ಮೀರಾಗೆ ಎರಡು ರೂಢಿಯ ಸ್ಪೆಲಿಂಗ್ ಇವೆ, ಎರಡು 'ಇ' ಬರುವುದು, ಒಂದು 'ಐ' ಬರುವುದು. ಎರಡೂ ಸರಿ. ಎರಡು 'ಇ' ಇದ್ದರೆ ದೀರ್ಘ ಸ್ಪಷ್ಟವಾಗಿ ಕಾಣುತ್ತದೆ, ಹಾಗಾಗಿ ನನ್ನ ಮತ ಅದಕ್ಕೆ. ಕೊನೆಗೆ 'ಎಚ್' ಸೇರಿಸುವುದು, ನಡುವೆ 'ವೈ' ತೂರಿಸುವುದು, ಒಂದು 'ಎ' ಜಾಸ್ತಿ ಹಾಕುವುದು ಬೇಡ. ಯಾವುದೇ ಆರಿಸಿದರೂ ಜನನ ಪ್ರಮಾಣಪತ್ರದಿಂದ ಶುರುಮಾಡಿ ಎಲ್ಲ ದಾಖಲೆಯಲ್ಲೂ ಅಕ್ಷರ ತಪ್ಪದೆ ಅದೇ ಇರಲಿ. ಒಂದು ಕಡೆ ಹೀಗೆ ಇನ್ನೊಂದು ಕಡೆ ಹಾಗೆ ಆದರೆ ಅದನ್ನು ಸರಿಮಾಡಿಸುವುದು ದೊಡ್ಡ ತಲೆನೋವು. ಗಂಡನಿಗೆ ಮಗಳದ್ದೇ ಆದದ್ದು ಏನಾದರೂ ಬೇಕು ಅನ್ನಿಸಿದರೆ ಮನೆಯಲ್ಲಿ ಕರೆಯುವ ಹೆಸರು ಅವರೇ ಆರಿಸಲಿ. ಅದಕ್ಕೆ ಸ್ಪೆಲಿಂಗ್ ಬೇಕಾಗಿಲ್ಲ, ಯಾರ ಒಪ್ಪಿಗೆಯೂ ಬೇಕಾಗಿಲ್ಲ, ಎಷ್ಟು ವಿಚಿತ್ರ ಇದ್ದರೂ ನಡೆಯುತ್ತದೆ.

ಯೋಚನೆ ಮಾಡದೆ ಆರಿಸಿದೆವಾ ಅಂತ ಕೇಳಿದ್ದೀರಿ. ಸಾವಿರ ಹೆಸರಿನ ಪಟ್ಟಿ ತಿರುಗಿಸಿ ಸುಸ್ತಾದ ಮೇಲೆ ಸಿಕ್ಕಿದ ಹೆಸರೇ ಒಳ್ಳೆಯದು ಅನ್ನೋ ನಿಯಮ ಇಲ್ಲ. ಎಷ್ಟೋ ವರ್ಷದಿಂದ ನಿಮ್ಮ ಮನಸ್ಸಿನಲ್ಲಿ ಇದ್ದು, ಮಗು ಕೈಗೆ ಬಂದ ಮೇಲೂ ಬದಲಾಗದೆ ಉಳಿದ ಹೆಸರು ಇದು. ಅದಕ್ಕಿಂತ ಜಾಸ್ತಿ ಯೋಚನೆ ಮಾಡಿದ ಹೆಸರು ಯಾವುದಿದೆ? ಇನ್ನೂ ಅನುಮಾನ ಇದ್ದರೆ ಹೀಗೆ ಮಾಡಿ. ಒಂದು ವಾರ ನೀವಿಬ್ಬರು ಮಾತ್ರ ಮಗುವನ್ನು ಮೀರಾ ಅಂತಲೇ ಕರೆಯಿರಿ. ಹಾಲು ಕುಡಿಸುವಾಗ, ರಾತ್ರಿ ಮೂರು ಗಂಟೆಗೆ ಎದ್ದಾಗ, ಡಾಕ್ಟರ ಹತ್ತಿರ ಹೆಸರು ಬರೆಸುವಾಗ. ಹೆಸರು ಬಾಯಿಗೆ ಹತ್ತಿಕೊಂಡರೆ ನಿಮಗೇ ಗೊತ್ತಾಗುತ್ತದೆ, ಹತ್ತದಿದ್ದರೂ ಗೊತ್ತಾಗುತ್ತದೆ.

ಆ ವಾರದಲ್ಲಿ ಬೇರೆ ಯಾರ ಅಭಿಪ್ರಾಯವನ್ನೂ ಕೇಳಬೇಡಿ. ಇಡಬೇಕು ಅಂದುಕೊಂಡಿದ್ದೇವೆ ಅಂತ ಹೇಳಿದರೆ ಜನ ಅದನ್ನು ಸಲಹೆ ಕೇಳಿದರು ಅಂದುಕೊಳ್ಳುತ್ತಾರೆ, ಸಲಹೆ ಕೊಟ್ಟೇ ಕೊಡುತ್ತಾರೆ, ಅದು ಅವರ ತಪ್ಪಲ್ಲ. ಇಟ್ಟಿದ್ದೇವೆ ಅಂತ ಹೇಳಿ ನೋಡಿ, ಅದೇ ಜನ ಚೆನ್ನಾಗಿದೆ ಅಂತಾರೆ. ನಾದಿನಿಗೂ ಹಾಗೇ ಹೇಳಿ: "ಇವಳ ಹೆಸರು ಮೀರಾ." ವಿವರಣೆ ಸೇರಿಸಬೇಡಿ.